ಗೋಡೆಯ ತೂತಿಗೆ ತುರುಕಿದ ಸೀರೆ

ನಾನು ತೀರ್ಥಹಳ್ಳಿ ಕಡೆಯವಳು. ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುವುದನ್ನು ನೋಡುತ್ತಲೇ ಬೆಳೆದವಳು. ಐರ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ ಸಿಕ್ಕಾಗ, ಚಳಿಯೊಂದನ್ನು ತಡೆದುಕೊಂಡರೆ ಸಾಕು ಅಂದುಕೊಂಡು ದಪ್ಪ ಜಾಕೆಟ್ ಕೊಂಡು ಹೊರಟೆ. ಬಂದು ನೋಡಿದರೆ ಗಾಲ್ವೇ ಕೌಂಟಿಯ ಕಾನೆಮಾರಾದ ಈ ಕಡಲಂಚಿನಲ್ಲಿ ಹಿಮವೇ ಅಪರೂಪ. ಅಟ್ಲಾಂಟಿಕ್ ಸಮುದ್ರ ಪಕ್ಕದಲ್ಲೇ ಇರುವುದರಿಂದ ಜನವರಿಯಲ್ಲೂ ಹೆಚ್ಚಿನ ದಿನ 5–8 ಡಿಗ್ರಿ ಇರುತ್ತದೆ. ಇಲ್ಲಿ ಜೀವ ಹಿಂಡುವುದು ಗಾಳಿ ಮತ್ತು ತೇವ. ಮಳೆ ಅಡ್ಡಡ್ಡ ಬೀಸುತ್ತದೆ, ನನ್ನ ಕೊಡೆ ಮೊದಲ ವಾರವೇ ಕಸದಬುಟ್ಟಿ ಸೇರಿತು. ಡಿಸೆಂಬರಿನಲ್ಲಿ ಬೆಳಿಗ್ಗೆ 9ರ ಹೊತ್ತಿಗೆ ಸೂರ್ಯ ಹುಟ್ಟಿದರೆ ಸಂಜೆ 4.30ಕ್ಕೆಲ್ಲ ಮುಳುಗಿರುತ್ತಾನೆ. ದಿನವಿಡೀ ಜಿಟಿಜಿಟಿ ಹನಿಯುತ್ತಿದ್ದರೂ ಎದುರು ಮನೆಯ ಅಜ್ಜಿ 'ಸಾಫ್ಟ್ ಡೇ' ಅನ್ನುತ್ತಾರೆ. ಮೆತ್ತನೆಯ ದಿನವಂತೆ!

ನಮ್ಮ ಬಾಡಿಗೆ ಮನೆಯ ಹಾಲಿನ ಗೋಡೆಯಲ್ಲಿ, ಒಲೆಯ ಪಕ್ಕ, ಅಂಗೈಯಗಲದ ತೂತೊಂದಿದೆ. ಅದರಿಂದ ಶೀತಗಾಳಿ ಸುಯ್ಯನೆ ನುಗ್ಗುತ್ತಿತ್ತು. ಕಟ್ಟಿದವನ ಬೇಜವಾಬ್ದಾರಿ ಎಂದು ಬೈದುಕೊಂಡು ಹಳೆಯ ಕಾಟನ್ ಸೀರೆಯ ತುಂಡನ್ನು ಸುರುಳಿ ಸುತ್ತಿ ತುರುಕಿಬಿಟ್ಟೆ. ಎರಡೇ ವಾರದಲ್ಲಿ ಕಿಟಕಿ ಗಾಜಿನ ಒಳಮೈಯಲ್ಲಿ ನೀರು ಇಳಿಯತೊಡಗಿತು, ಬೀರುವಿನ ಹಿಂದೆ ಕಪ್ಪು ಬೂಷ್ಟು ಕಾಣಿಸಿತು. ಒಲೆ ಹಚ್ಚಿದಾಗಲೆಲ್ಲ ಹೊಗೆ ಹಿಮ್ಮುಖ ಬರುತ್ತಿತ್ತು. ಒಂದು ರಾತ್ರಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಅಲಾರಂ ಕಿರುಚಿಕೊಂಡಾಗ ಮಗನನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಗದ್ದಲ ಕೇಳಿ ಬಂದ ಅಜ್ಜಿ ಮನೆಯ ಕಿಟಕಿ ಬಾಗಿಲೆಲ್ಲ ತೆಗೆಸಿದರು. ಹೊಗೆ ಹೋದ ಮೇಲೆ ಒಳಗೆ ಬಂದು ಗೋಡೆ ನೋಡಿ, 'ಅ ಸ್ತೋರ್' (ನನ್ನ ಬಂಗಾರ ಅನ್ನುವ ಹಾಗೆ) ಎಂದವರೇ ಸೀರೆ ತುಂಡನ್ನು ಸರಸರ ಎಳೆದು ಕೈಗಿಟ್ಟರು. ಆ ತೂತು ಒಲೆ ಉಸಿರಾಡಲಿಕ್ಕೆ ಇಟ್ಟದ್ದು.

ಬಚ್ಚಲೊಲೆ ಉರಿಸಿದವಳು ನಾನು, ನನಗೆ ಬೆಂಕಿ ಹೇಳಿಕೊಡುವುದೇ ಎಂಬ ಜಂಬವೂ ಅವತ್ತೇ ಇಳಿಯಿತು. ಇಲ್ಲಿ ಉರಿಸುವುದು ಟರ್ಫ್. ಜವುಗು ನೆಲದ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು ಬೇಸಿಗೆಯಲ್ಲಿ ಒಣಗಿಸಿದ್ದು. 2022ರಿಂದ ಅಂಗಡಿಯಲ್ಲಿ ಮಾರುವಂತಿಲ್ಲ. ಜವುಗಿನಲ್ಲಿ ಹಕ್ಕಿರುವವರು ತಮಗೆ ಬೇಕಾದಷ್ಟು ಕೊಯ್ದುಕೊಳ್ಳಬಹುದು, ನಮಗೂ ಅಜ್ಜಿಯ ಕೊಟ್ಟಿಗೆಯಿಂದಲೇ ಬರುತ್ತದೆ. ಸೌದೆಯ ಹಾಗೆ ಇದು ಭಗ್ಗನೆ ಹತ್ತುವುದಿಲ್ಲ. ನಡುವೆ ಚಕ್ಕೆ, ಕಾಗದ ಇಟ್ಟು, ಸುತ್ತ ನಾಲ್ಕೈದು ತುಂಡನ್ನು ಗುಡಿಸಲಿನಂತೆ ಒರಗಿಸಿ ನಿಲ್ಲಿಸಬೇಕು. ಕೆಳಗಿನ ಗಾಳಿಕಿಂಡಿ ತೆರೆದಿಟ್ಟು ಕೈಕಟ್ಟಿ ಕೂರಬೇಕು. ನಾನು ಕೆದಕಿ ಕೆದಕಿಯೇ ಆರಿಸುತ್ತಿದ್ದೆ. ಮಲಗುವ ಮುಂಚೆ ಅಜ್ಜಿ ತಮ್ಮ ಮನೆಯ ಒಲೆಯಲ್ಲಿ ಕೆಂಡವನ್ನು ಒಟ್ಟುಮಾಡಿ ಮೇಲೆ ಬೂದಿ ಹರಡಿದ್ದು ನೋಡಿ ಮಾತ್ರ ನಕ್ಕುಬಿಟ್ಟೆ. ನಮ್ಮಜ್ಜಿ ಮಾಡುತ್ತಿದ್ದದ್ದೂ ಇದನ್ನೇ. ಬೂದಿ ಮುಚ್ಚಿದ ಕೆಂಡಕ್ಕೆ ಬೆಳಿಗ್ಗೆ ಒಂದು ಒಣ ತುಂಡು ಕೊಟ್ಟು ಊದಿದರೆ ಮುಗಿಯಿತು.

ಇದೆಲ್ಲ ಕೆಲಸಕ್ಕೆ ಬಂದದ್ದು 2025ರ ಜನವರಿ 24ರಂದು, ಏಯೋವಿನ್ ಬಿರುಗಾಳಿಗೆ. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟ ಕೂಡಲೇ ಸ್ನಾನದ ತೊಟ್ಟಿ, ಬಕೆಟ್, ಕೊನೆಗೆ ಇಡ್ಲಿ ಪಾತ್ರೆಗೂ ನೀರು ತುಂಬಿದೆ. ಕರೆಂಟು ಹೋದರೆ ಪಂಪೂ ನಿಲ್ಲುತ್ತದೆ, ನಲ್ಲಿಯೂ ಒಣಗುತ್ತದೆ. ಕಸದ ಡಬ್ಬಿಗಳನ್ನು ಗೇಟಿಗೆ ಕಟ್ಟಿದೆ. ಬ್ಯಾಟರಿ ರೇಡಿಯೊ ಪಕ್ಕದಲ್ಲಿಟ್ಟು, ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಮಲಗಿದೆವು. ಬೆಳಗಿನ ಜಾವ ಚಾವಣಿಯ ಮೇಲೆ ರೈಲು ಹೋದ ಹಾಗೆ ಸದ್ದು. ನಮ್ಮ ಕಡೆಯದೇ ಮೇಸ್ ಹೆಡ್‌ನಲ್ಲಿ ಗಂಟೆಗೆ 184 ಕಿಲೋಮೀಟರ್ ವೇಗದ ಗಾಳಿ ದಾಖಲಾಯಿತಂತೆ. ಅಷ್ಟು ವೇಗ ಈ ದೇಶದಲ್ಲಿ ಹಿಂದೆಂದೂ ದಾಖಲಾಗಿರಲಿಲ್ಲ. 1945ರ ದಾಖಲೆ 182 ಇತ್ತು. ದೇಶದಲ್ಲಿ 7,68,000 ಮನೆ, ಅಂಗಡಿಗಳಿಗೆ ಕರೆಂಟಿಲ್ಲ. ಬೆಳಕು ಹರಿದಾಗ ಕಿಟಕಿ ಗಾಜೆಲ್ಲ ಬೆಳ್ಳಗೆ. ಬೆರಳಲ್ಲಿ ಸವರಿ ನಾಲಿಗೆಗೆ ಹಚ್ಚಿದ ಮಗ 'ಅಮ್ಮಾ, ಉಪ್ಪು!' ಅಂದ.

ನಮ್ಮ ಮನೆಗೆ ಕರೆಂಟು ಬಂದದ್ದು ಹನ್ನೊಂದನೇ ದಿನ. ಅಲ್ಲಿಯವರೆಗೆ ಅನ್ನ, ಸಾರು ಎಲ್ಲ ಒಲೆಯ ತಲೆಯ ಮೇಲೇ. ಊರಿನ ಸಮುದಾಯ ಭವನದಲ್ಲಿ ಜನರೇಟರ್ ಹಾಕಿದ್ದರು. ಫೋನ್ ಚಾರ್ಜು, ಬಿಸಿನೀರ ಸ್ನಾನ ಅಲ್ಲೇ. ಇಲ್ಲಿಯ ರೀತಿ ಏನೆಂದರೆ ಕಷ್ಟ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, 'ಪರವಾಗಿಲ್ಲ' ಅನ್ನುತ್ತಲೇ ಇನ್ನೊಬ್ಬರ ಬಾಗಿಲು ತಟ್ಟಿ ವಿಚಾರಿಸುತ್ತಾರೆ. ನಾನೂ ಡ್ಯೂಟಿ ಮುಗಿಸಿ ಬರುವಾಗ ಅಜ್ಜಿಗೆ ಫ್ಲಾಸ್ಕಿನಲ್ಲಿ ಸಾರು ಕೊಟ್ಟು ಬರುತ್ತಿದ್ದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಒಂದು ತೊಟ್ಟು ಬಿಡುತ್ತಿರಲಿಲ್ಲ.

ಕರೆಂಟು ಬಂದ ಗಳಿಗೆಯಲ್ಲೇ ಹನ್ನೊಂದು ದಿನದ ಬಟ್ಟೆಯನ್ನು ಮೆಷಿನ್ನಿಗೆ ಹಾಕಿ ಗೆದ್ದೆ ಅಂದುಕೊಂಡೆ. ಆಮೇಲೆ ಮೂರು ದಿನ ಬಿಡದೆ 'ಸಾಫ್ಟ್ ಡೇ'. ಒಂದು ಕಾಲುಚೀಲವೂ ಒಣಗಲಿಲ್ಲ.