ಹಳೆ ಫೋಟೊ ಓದುವುದು ಹೇಗೆ?

ದಾವಣಗೆರೆಯ ನಮ್ಮ ಮನೆಯಲ್ಲಿ ಒಂದು ಕಪ್ಪು-ಬಿಳುಪು ಫೋಟೊ ಇದೆ. ಅಂಗಳದಲ್ಲಿ ಅಜ್ಜ ಕುರ್ಚಿ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಅಜ್ಜಿ, ತಲೆ ತುಂಬ ಸೆರಗು ಹೊದ್ದು ನಿಂತಿದ್ದಾರೆ. ಇಂಥದ್ದೊಂದು ನಿಮ್ಮ ಮನೆಯಲ್ಲೂ ಇರುತ್ತದೆ, ಅಲ್ವಾ?

ಮೊದಲು ಅರ್ಥ ಹುಡುಕಬೇಡಿ. ಕಿಟಕಿ ಬೆಳಕಿನಲ್ಲಿ ಮೊಬೈಲ್‌ನಿಂದ ಫೋಟೊ ತೆಗೆದು, ದೊಡ್ಡದು ಮಾಡಿ, ಒಂದು ಮೂಲೆಯಿಂದ ನೋಡುತ್ತಾ ಬನ್ನಿ. ಕಂಡದ್ದನ್ನಷ್ಟೇ ಬರೆದುಕೊಳ್ಳಿ. ಮುಖ ಕೊನೆಗಿರಲಿ, ಅಲ್ಲಿಗೆ ಹೋದ ಕಣ್ಣು ಬೇರೆ ಕಡೆ ಬರುವುದಿಲ್ಲ.

ಬಣ್ಣದ ವಿಷಯದಲ್ಲಿ ಹುಷಾರು. ಅಜ್ಜಿಯ ಹಣೆಯಲ್ಲಿ ಕಪ್ಪು ಬೊಟ್ಟು ಕಂಡು ನಾನು ಏನೇನೋ ಕಥೆ ಕಟ್ಟಿದ್ದೆ. ಅದು ಕುಂಕುಮ. ಹಿಂದೆ ಬಳಸುತ್ತಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ತಾಗುತ್ತಿರಲಿಲ್ಲ. ಕೆಂಪು ಕಪ್ಪಾಗಿ, ನೀಲಿ ಬೆಳ್ಳಗೆ ಮೂಡುತ್ತಿತ್ತು. ಬಿಳಿ ಸೀರೆ ಅಂತ ಕಂಡದ್ದು ತಿಳಿನೀಲಿಯೂ ಇದ್ದೀತು. ಸುಮ್ನೆ ವಿಧವೆ ಅಂದುಬಿಡಬೇಡಿ, ಬಳೆ-ತಾಳಿ ನೋಡಿ.

ಕಾಲ ತಿಳಿಯಲು ಬೋರ್ಡು, ಸ್ಟುಡಿಯೊ ಮುದ್ರೆ ಓದಿ. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್‌ಗೆ ಹಿಂದಿನದಿರಬಹುದು. ದಾವಣಗೆರೆ ಹೆಸರಿನ ಕೆಳಗೆ ‘ಚಿತ್ರದುರ್ಗ ಜಿಲ್ಲೆ’ ಅಂತಿದ್ದರೆ 1997ಕ್ಕಿಂತ ಮುಂಚಿನದು. ಹಳೆ ಬೋರ್ಡು ಬದಲಾಗದೆ ಉಳಿಯುವುದೂ ಉಂಟು.

ಈಗ ಎರಡು ಪಟ್ಟಿ ಮಾಡಿ: ಬೇಕಂತಲೇ ತೋರಿಸಿದ್ದು, ತಾನಾಗಿ ಬಂದದ್ದು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಕೆಲಸ. ಅಜ್ಜನ ಹಣೆಯಲ್ಲಿ ಮೂರೆಳೆ ವಿಭೂತಿ, ಅಂಗಿಯ ಹೊರಗೆ ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆ. ಎಡಗೈ ತೋಳು ಸ್ವಲ್ಪ ಮೇಲೆ ಸರಿದಿದೆ, ಗಡಿಯಾರ ಕಾಣಲಿ ಅಂತ. ನಮ್ಮ ಅನುಕೂಲದ ದಿನಗಳ ಗುರುತು ಅಂದುಕೊಂಡಿದ್ದೆ. ಸೋದರತ್ತೆ ಹೇಳಿದರು, ಅದು ಪಕ್ಕದ ಮನೆಯವರಿಂದ ಕೇಳಿ ತಂದದ್ದಂತೆ. ಇದನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ಅಜ್ಜನ ಹತ್ತಿರ ಇದ್ದದ್ದರ ಜತೆ ಅವರ ಆಸೆಯೂ ಫೋಟೊದಲ್ಲಿ ಕೂತಿದೆ. ವಸ್ತು ಕಂಡಾಗ ‘ಇದು ಯಾರದು, ಯಾಕೆ ಇಲ್ಲಿಟ್ಟರು’ ಅಂತ ಹಿರಿಯರನ್ನು ಕೇಳಲೇಬೇಕು.

ತಾನಾಗಿ ಬಂದದ್ದು ಹಿಂದೆ ಇರುತ್ತದೆ. ನಮ್ಮ ಫೋಟೊದಲ್ಲಿ ಗೋಡೆಗೆ ಒರಗಿಸಿದ ಮೊರ, ಮಡಚಿಟ್ಟ ಕರಿ ಕಂಬಳಿ, ಬಾಗಿಲ ಮರೆಯಿಂದ ಇಣುಕುವ ಒಬ್ಬ ಹುಡುಗಿ. ಎಷ್ಟೋ ವರ್ಷ ನಾನು ಅವಳನ್ನು ಗಮನಿಸಿಯೇ ಇರಲಿಲ್ಲ. ತೋರಿಸಿದಾಗ ಅತ್ತೆ ತುಂಬ ಹೊತ್ತು ನೋಡಿದರು. “ಅದು ನಾನೇ ಕಣವ್ವ. ಹೊಸ ಲಂಗ ಇರ್ಲಿಲ್ಲ, ಒಳಗಿರು ಅಂದಿದ್ರು.”

ಕೇಳಿದ್ದನ್ನು ಅಂದೇ ಫೋಟೊದ ಹಿಂದೆ ಮೆತ್ತನೆ ಪೆನ್ಸಿಲ್‌ನಿಂದ ಬರೆಯಿರಿ. ಬಾಲ್ ಪೆನ್ ಬೇಡ, ಒತ್ತಿದ ಗೆರೆ ಮುಂದಕ್ಕೆ ಮೂಡುತ್ತದೆ. ಹೇಳಿದವರ ಹೆಸರು, ತಾರೀಖೂ ಇರಲಿ.