ರೇಟ್ ಬದಿಗಿಟ್ಟು ಷರತ್ತು ಮಾತಾಡಿ ಮನೆ ಕೊಂಡ ನನ್ನ ಅನುಭವ

ಬೆಂಗಳೂರಿನ ನಾಗರಭಾವಿಯಲ್ಲಿ ಮೂವತ್ತು-ನಲವತ್ತರ ಸೈಟಿನ ಹಳೇ ಮನೆ ಕೊಂಡೆ. ಓನರ್ ಹೇಳಿದ್ದು 1 ಕೋಟಿ 72 ಲಕ್ಷ. ಮುಗಿದಿದ್ದು 1 ಕೋಟಿ 58 ಲಕ್ಷದ ಆಸುಪಾಸಿಗೆ. ನನಗಿಂತ ಮೊದಲು ಬಂದವರು 1 ಕೋಟಿ 60ಕ್ಕೆ ಕೇಳಿದಾಗ ಅದೇ ಓನರ್ ಆಗಲ್ಲ ಅಂದಿದ್ದರು. ಒಳಗೊಳಗೆ ಕ್ಯಾಶ್ ಕೊಟ್ಟಿದ್ದೀನಿ ಅಂತ ಬ್ರೋಕರ್‌ಗೆ ಇವತ್ತಿಗೂ ಅನುಮಾನ. ಒಂದು ರೂಪಾಯಿ ಕ್ಯಾಶ್ ಇಲ್ಲ. ಎಲ್ಲಾ ಆರ್‌ಟಿಜಿಎಸ್ ಮತ್ತು ಡಿಡಿ.

ಇದಕ್ಕೆ ಮೊದಲು ಎರಡು ವ್ಯಾಪಾರ ಮುರಿದುಬಿದ್ದಿದ್ದವು. ರಾಜಾಜಿನಗರದ ಮನೆಯಲ್ಲಿ ರೇಟ್ ಎಳೆದಾಡಿ ಎಂಟು ಲಕ್ಷದಷ್ಟು ಇಳಿಸಿದೆವು, ಒಂದು ಲಕ್ಷ ಟೋಕನ್ ಕೊಟ್ಟಾಯಿತು. ಅದು ತಂದೆಯಿಂದ ಬಂದ ಆಸ್ತಿ. ಸಹಿ ಮಾಡಬೇಕಾದ ಅಕ್ಕತಂಗಿಯರು ಇಬ್ಬರಿದ್ದರು, ರೇಟ್ ಕೇಳಿ ಇಬ್ಬರೂ ಒಪ್ಪಲಿಲ್ಲ. ಟೋಕನ್ ವಾಪಸ್ ಬರಲು ಐದು ತಿಂಗಳು ಹಿಡಿಯಿತು, ಅದೂ ಎರಡು ಸಲಕ್ಕೆ. ವಿಜಯನಗರದವರು ಸುಮಾರು ನಲವತ್ತು ಪರ್ಸೆಂಟ್ ಕ್ಯಾಶ್ ಕೇಳಿದರು. ಆಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ತಗೊಂಡವರಿಗೇ ಅಷ್ಟೇ ಮೊತ್ತದ ದಂಡ ಬೀಳಬಹುದು ಅಂತ ಹೇಳಿದೆ. “ಯಾರು ನೋಡ್ತಾರೆ ಬಿಡಿ ಸಾರ್” ಅಂದರು. ಎದ್ದು ಬಂದೆ.

ನಾಗರಭಾವಿಯ ಮನೆ ವರ್ಷದಿಂದ ಮಾರಾಟವಾಗದೆ ಉಳಿದಿತ್ತು. ಕಾರಣ ಮಹಡಿ ಮನೆ. ಅಲ್ಲಿ ಹನ್ನೆರಡು ಲಕ್ಷಕ್ಕೆ ಭೋಗ್ಯದಲ್ಲಿದ್ದ ಸಂಸಾರ. ಖಾಲಿ ಮಾಡುವಾಗ ಆ ದುಡ್ಡು ವಾಪಸ್ ಕೊಡಬೇಕು, ಆದರೆ ಅದು ಓನರ್ ಮಗಳ ಮದುವೆಗೆ ಖರ್ಚಾಗಿ ಎಷ್ಟೋ ಕಾಲವಾಗಿತ್ತು. ಬಂದವರೆಲ್ಲ “ಮೊದಲು ಖಾಲಿ ಮಾಡಿಸಿ, ಆಮೇಲೆ ಅಗ್ರಿಮೆಂಟ್” ಅನ್ನುತ್ತಿದ್ದರು. ಖಾಲಿ ಮಾಡಿಸಬೇಕಾದರೆ ದುಡ್ಡು ಬೇಕು, ದುಡ್ಡು ಬರಬೇಕಾದರೆ ಮನೆ ಮಾರಬೇಕು. ಯಜಮಾನರು ಅಲ್ಲೇ ಸಿಕ್ಕಿಕೊಂಡಿದ್ದರು.

ನಾನು ರೇಟ್ ಎತ್ತಲೇ ಇಲ್ಲ. “ಯಜಮಾನರೇ, ನಿಮಗೆ ದುಡ್ಡು ಯಾವಾಗ ಬೇಕು, ಯಾತಕ್ಕೆ ಬೇಕು, ಅದನ್ನ ಹೇಳಿ” ಅಂದೆ. “ಮೇಲಿನವರದ್ದು ತೀರಿದರೆ ನಿದ್ದೆ ಬರುತ್ತಪ್ಪಾ. ಮಿಕ್ಕಿದ್ದು ನಿಧಾನಕ್ಕೆ ಕೊಡು” ಅಂದರು. ಬ್ರೋಕರ್ ವರ್ಷವಿಡೀ ಕೇಳದಿದ್ದ ಪ್ರಶ್ನೆ ಅದು.

ಭೋಗ್ಯದ ದುಡ್ಡನ್ನು ರಿಜಿಸ್ಟ್ರೇಷನ್‌ಗೆ ಮೊದಲೇ ನಾನೇ ಕೊಡುತ್ತೇನೆ ಅಂದಾಗ ಮನೆಯಲ್ಲಿ ಗಲಾಟೆ. “ಹನ್ನೆರಡು ಲಕ್ಷ ಹೋಯ್ತು ಅಂದ್ಕೋ” ಅಂದರು ಭಾವ. ವಕೀಲರೂ ಬೇಡ ಅಂತ ತಲೆ ಆಡಿಸಿದರು. ಆದರೆ ನಾನು ಅದನ್ನು ಕೊಟ್ಟ ರೀತಿ ಬೇರೆ. ಮೊದಲು ಅಗ್ರಿಮೆಂಟನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದೆ. ನೋಂದಣಿಯಾದ ಕರಾರು ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪತ್ರದಲ್ಲಿ, ಕಾಣುತ್ತದೆ, ಆಮೇಲೆ ಯಾರು ಇಸಿ ತೆಗೆಸಿದರೂ ನನ್ನ ಹೆಸರು ಸಿಗುತ್ತದೆ. ದುಡ್ಡು ಓನರ್ ಖಾತೆಗೆ ಹೋಗಲಿಲ್ಲ. ಮೇಲಿನ ಮನೆ ಖಾಲಿಯಾದ ದಿನ, ರೂಮುಗಳನ್ನು ನೋಡಿ, ಭೋಗ್ಯದವರ ಖಾತೆಗೇ ಆರ್‌ಟಿಜಿಎಸ್ ಮಾಡಿದೆ. ಅದು ಕ್ರಯದ ಹಣದಲ್ಲೇ ಸೇರಿದೆ ಅಂತ ಒಂದು ಪತ್ರ, ಅದಕ್ಕೆ ಮೂವರದ್ದೂ ಸಹಿ. ಕೊಳ್ಳುವವರು ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕಾದ ಒಂದು ಪರ್ಸೆಂಟ್ ಟಿಡಿಎಸ್ ಆಗಲೇ ಹಿಡಿದೆ, ಹನ್ನೆರಡು ಸಾವಿರ. ಆ ಕೊರತೆಯನ್ನು ಓನರ್ ತುಂಬಿದರು. ಈ ಹನ್ನೆರಡು ಸಾವಿರ ಯಾರು ತುಂಬಬೇಕು ಅಂತ ಮೊದಲೇ ಬರೆದುಕೊಳ್ಳಿ, ಇಲ್ಲದಿದ್ದರೆ ಲಾರಿಗೆ ಸಾಮಾನು ತುಂಬಿದ ಮೇಲೆ ಬೀದಿಯಲ್ಲಿ ಜಗಳ.

ಕೀಲಿ ನಾನು ಇಸ್ಕೊಳ್ಳಲಿಲ್ಲ, ಓನರ್ ಹತ್ತಿರವೇ ಬಿಟ್ಟೆ. ಸ್ವಾಧೀನ ಕೊಟ್ಟಿದೆ ಅಂತ ಕರಾರಿನಲ್ಲಿ ಬಂದರೆ ಕ್ರಯಪತ್ರದ ಲೆಕ್ಕದಲ್ಲೇ ಸ್ಟಾಂಪ್ ಡ್ಯೂಟಿ ಕೇಳುತ್ತಾರೆ.

ನನಗೆ ಹೆಮ್ಮೆ ಇರುವ ಷರತ್ತು ಇನ್ನೊಂದು. ಎಲ್ಲರೂ ಕ್ರಯದ ರಿಜಿಸ್ಟ್ರೇಷನ್‌ಗೆ ಅಗ್ರಿಮೆಂಟ್ ದಿನದಿಂದ ಮೂರು ತಿಂಗಳು, ಆರು ತಿಂಗಳು ಅಂತ ಗಡುವು ಹಾಕುತ್ತಾರೆ. ನಾನು ಅಂತಿಮ ಇ-ಖಾತೆ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಕೈಗೆ ಬಂದ ದಿನದಿಂದ 45 ದಿನ ಅಂತ ಬರೆಸಿದೆ. ಬೆಂಗಳೂರಿನಲ್ಲಿ ಈಗ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಹಳೇ ಪತ್ರದಲ್ಲಿ ಓನರ್ ಇನಿಷಿಯಲ್ ಒಂದು, ಆಧಾರ್‌ನಲ್ಲಿ ಇನ್ನೊಂದು. ಅದನ್ನು ಸರಿಮಾಡಿಸಲು ಮೂರು ತಿಂಗಳ ಹತ್ತಿರ ಹೋಯಿತು. ಮಾಮೂಲಿ ಗಡುವು ಇದ್ದಿದ್ದರೆ ಇಬ್ಬರಲ್ಲಿ ಒಬ್ಬರು ಅಡ್ವಾನ್ಸ್ ಮುಟ್ಟುಗೋಲು ಅಂತ ಕೂಗಾಡುತ್ತಿದ್ದೆವು. ನಮ್ಮಲ್ಲಿ ಒಂದು ಮಾತೂ ಬರಲಿಲ್ಲ. ಬ್ಯಾಂಕ್ ಲೋನಿನ ಮಂಜೂರಾತಿ ಅವಧಿ ಮಾತ್ರ ಮುಗಿದು, ಹೊಸ ಪತ್ರಕ್ಕೆ ಆರೇಳು ಸಾವಿರ ಕೈಬಿಟ್ಟಿತು.

ಯಜಮಾನರಿಗೆ ಮೈಸೂರಿನಲ್ಲಿ ಮನೆ ಸಿಗುವವರೆಗೆ ಕೆಳಗಿನ ಮನೆಯಲ್ಲೇ ಇರಬೇಕಿತ್ತು. ಇರಿ ಅಂದೆ. ಆದರೆ ಕ್ರಯ ಆದ ದಿನವೇ ಎರಡು ತಿಂಗಳ ಬಾಡಿಗೆ ಕರಾರು ಮಾಡಿಸಿ, ಅವರಿಂದ ನಾನು ಐದು ಲಕ್ಷ ಡಿಪಾಸಿಟ್ ಇಟ್ಟುಕೊಂಡೆ. ಬಾಡಿಗೆ ಹೆಸರಿಗಷ್ಟೇ. ಮನೆ ಬಿಟ್ಟ ದಿನ ಐದೂ ಲಕ್ಷ ವಾಪಸ್. ಹೇಳಿದ್ದಕ್ಕಿಂತ ಒಂದು ವಾರ ಮುಂಚೆಯೇ ಬಿಟ್ಟರು.

ಈ ಷರತ್ತುಗಳೆಲ್ಲ ಕರಡು ಕಾಗದದ ಮೇಲೆ ಬಂದ ನಂತರವೇ ರೇಟ್ ಮಾತು, ಅಗ್ರಿಮೆಂಟ್ ನೋಂದಣಿ ಅದಾದ ಮೇಲೆ. ಹದಿನಾಲ್ಕು ಲಕ್ಷ ಇಳಿದದ್ದು ಅರ್ಧ ಗಂಟೆಯಲ್ಲಿ. ಆಗ ನಾನು ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಒಂದೆರಡು ಕಡೆ ಬಳಸುವುದಿದೆ.

ಆಷಾಢದಲ್ಲೂ ಪ್ರಯೋಗ ಮಾಡಿದ್ದೇನೆ. ಕೊಳ್ಳುವವರು ಬರುವುದೇ ಕಮ್ಮಿ, ಮಾರುವವರಿಗೆ ಪುರುಸೊತ್ತು ಜಾಸ್ತಿ. ಮಾತುಕತೆಯೆಲ್ಲ ಆಷಾಢದಲ್ಲಿ ಮುಗಿಸಿ, ಟೋಕನ್ ಶ್ರಾವಣಕ್ಕೆ. ನಾಗರಭಾವಿಯಲ್ಲಿ ಇದು ನಡೆಯಿತು. ಕೆಂಗೇರಿಯಲ್ಲಿ ಒಬ್ಬರು ಶ್ರಾವಣ ಬಂದ ಕೂಡಲೇ ರೇಟ್ ಏರಿಸಿಬಿಟ್ಟರು. ಈಗ ಆಷಾಢದಲ್ಲೇ ಸಣ್ಣ ಮೊತ್ತ ಕೊಟ್ಟು ರಸೀದಿ ತಗೋತೀನಿ.

ದೊಡ್ಡಪ್ಪನ ಮಗನಿಗೆ ಫ್ಲಾಟ್ ನೋಡುವಾಗ ಓನರ್‌ನ ಬ್ಯಾಂಕ್ ಸಾಲವನ್ನು ನಾವೇ ಮೊದಲು ತೀರಿಸುತ್ತೇವೆ ಅಂದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ಆರ್‌ಬಿಐ ನಿಯಮ 2023ರ ಡಿಸೆಂಬರ್‌ನಿಂದ ಇದೆ, ಆ ಧೈರ್ಯ ಇತ್ತು. ಓನರ್ ಒಂದು ಪೈಸೆಯೂ ಇಳಿಸಲಿಲ್ಲ. ಅವರಿಗೆ ಅವಸರವೇ ಇರಲಿಲ್ಲ. ಅವಸರ ಇಲ್ಲದವರ ಹತ್ತಿರ ನನ್ನ ದಾರಿ ನಡೆಯುವುದಿಲ್ಲ, ಸುಮ್ನೆ ಟೈಮ್ ವೇಸ್ಟ್.

ಭಾವ ತಮ್ಮ ಫ್ಲಾಟ್ ಮಾರುವಾಗ ಕರಾರು ನಾನೇ ಬರೆಸಿದೆ. ಸರ್ಕಾರಿ ಶುಲ್ಕ ಏರಿದರೆ ತಡ ಮಾಡಿದವರೇ ಪೂರ್ತಿ ಕಟ್ಟಬೇಕು ಅಂತ ಒಂದು ಸಾಲು ಸೇರಿಸಿದ್ದೆ. ಕೊಳ್ಳುವವರು ಲೋನ್ ಲೋನ್ ಅಂತ ಎಳೆದರು. 2025ರ ಆಗಸ್ಟ್ 31ಕ್ಕೆ ನೋಂದಣಿ ಶುಲ್ಕ 1 ಪರ್ಸೆಂಟಿನಿಂದ 2 ಪರ್ಸೆಂಟ್ ಆಯಿತು. ಎಪ್ಪತ್ತು ಲಕ್ಷದ ಫ್ಲಾಟಿಗೆ ಎಪ್ಪತ್ತು ಸಾವಿರ ಹೆಚ್ಚುವರಿ. ಅದರಲ್ಲಿ ಅರ್ಧವನ್ನು ರೇಟಿನಲ್ಲಿ ಕಳೆಯಿರಿ ಅಂತ ಪಟ್ಟು ಹಿಡಿದರು. ಭಾವ ಆ ಸಾಲು ತೋರಿಸಿದರು, ಕೊಳ್ಳುವವರೇ ಕಟ್ಟಿದರು.