ರಿಮ್‌ಗೆ ಹಾಕಿಸುವ ಮುನ್ನ ಟೈರಿನ ಪಕ್ಕ ಓದಿ

ಹೊಸ ಟೈರ್ ಕೊಳ್ಳಲು ಹೋದವರು ಕಂಪನಿ ಯಾವುದು, ರೇಟ್ ಎಷ್ಟು ಎಂದಷ್ಟೇ ಕೇಳಿ ಕಾರನ್ನು ಜಾಕ್ ಮೇಲೆ ಏರಿಸಿಬಿಡುತ್ತಾರೆ. ಐದು ನಿಮಿಷ ತಡೆಯಿರಿ. ಎಷ್ಟೋ ಟೈರ್‌ಗಳಲ್ಲಿ ತಯಾರಿಕೆಯ ಪೂರ್ತಿ ಕೋಡ್ ಒಂದೇ ಪಕ್ಕದಲ್ಲಿ ಅಚ್ಚಾಗಿರುತ್ತದೆ. ಆ ಪಕ್ಕ ಒಳಮುಖವಾಗಿ ಕೂತರೆ ಮತ್ತೆ ನೋಡಲು ಕಾರಿನ ಕೆಳಗೇ ನುಸುಳಬೇಕು.

ಮೊದಲು ಐಎಸ್‌ಐ ಗುರುತು ಹುಡುಕಿ. ಭಾರತದಲ್ಲಿ ಮಾರುವ ಕಾರ್ ಟೈರಿಗೆ ಇದು ಕಡ್ಡಾಯ. 2009ರ ಗುಣಮಟ್ಟ ನಿಯಂತ್ರಣ ಆದೇಶ ಹಾಗೆ ಹೇಳುತ್ತದೆ. ವಿದೇಶದಿಂದ ತಂದು ಅಂಗಡಿಯಲ್ಲಿ ಮಾರುವ ಟೈರಿಗೂ ಸಾಮಾನ್ಯವಾಗಿ ಇದೇ ನಿಯಮ. ಗುರುತಿನ ಜೊತೆ ‘ಐಎಸ್ 15633’ ಎಂಬ ಸಂಖ್ಯೆಯೂ ‘ಸಿಎಂ/ಎಲ್’ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಆ ಪರವಾನಗಿ ಸಂಖ್ಯೆಯನ್ನು ಈ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ‘ಬಿಐಎಸ್ ಕೇರ್’ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ.

ಮುಂದೆ ಅಳತೆ. ಡ್ರೈವರ್ ಬಾಗಿಲು ತೆರೆದರೆ ಬಾಗಿಲ ಚೌಕಟ್ಟಿನ ಕಂಬದ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಅದರಲ್ಲಿರುವ ಅಳತೆಯನ್ನೇ ಕೇಳಿ. ಉದಾಹರಣೆಗೆ 185/65 ಆರ್15 88ಎಚ್. ಇದರಲ್ಲಿ 185 ಎಂದರೆ ಮಿಲಿಮೀಟರ್ ಲೆಕ್ಕದಲ್ಲಿ ಅಗಲ. ಆ ಅಗಲದ ಶೇ 65ರಷ್ಟು ಪಕ್ಕದ ಎತ್ತರ. ‘ಆರ್’ ಎಂದರೆ ರೇಡಿಯಲ್, ಟೈರಿನೊಳಗಿನ ದಾರಗಳನ್ನು ಜೋಡಿಸುವ ಒಂದು ಬಗೆ. 15 ಅಂಗುಲದ ರಿಮ್. ಕೊನೆಯ 88ಎಚ್ ಅನ್ನು ಯಾರೂ ಓದುವುದಿಲ್ಲ, ನನ್ನ ಪ್ರಕಾರ ಮುಖ್ಯವಾದದ್ದು ಅದೇ. 88 ಅಂದರೆ ಆ ಒಂದು ಟೈರ್ 560 ಕೆ.ಜಿ. ಹೊರಬಲ್ಲದು, ‘ಎಚ್’ ಅಂದರೆ ಗಂಟೆಗೆ 210 ಕಿ.ಮೀ. ವೇಗ ತಡೆಯಬಲ್ಲದು. ಇದರ ಬದಲು 84 ಬರೆದಿರುವ ಟೈರ್ ಕೊಟ್ಟರೆ ಹೊರುವ ಶಕ್ತಿ 500 ಕೆ.ಜಿ.ಗೆ ಇಳಿಯುತ್ತದೆ. ಮನೆಮಂದಿಯೆಲ್ಲ ಕೂತು, ಡಿಕ್ಕಿ ತುಂಬ ಸಾಮಾನು ತುಂಬಿ ಧರ್ಮಸ್ಥಳಕ್ಕೆ ಹೊರಟಾಗ ಆ 60 ಕೆ.ಜಿ. ಸಣ್ಣದಲ್ಲ. ‘ಏನೂ ಆಗಲ್ಲ ಸಾರ್’ ಎಂದರೆ ಒಪ್ಪಬೇಡಿ.

ಇನ್ನು ಮೊದಲೇ ಹೇಳಿದ ತಯಾರಿಕೆಯ ಕೋಡ್. ಅದರ ಕೊನೆಯ ನಾಲ್ಕು ಅಂಕಿ ತಯಾರಿಕೆಯ ವಾರ ಮತ್ತು ವರ್ಷ. 2324 ಎಂದಿದ್ದರೆ 2024ರ 23ನೇ ವಾರ. ರಬ್ಬರ್ ಗೋದಾಮಿನಲ್ಲಿ ಸುಮ್ಮನೆ ಬಿದ್ದಿದ್ದರೂ ಗಡಸಾಗುತ್ತದೆ. ಎರಡು ವರ್ಷಕ್ಕಿಂತ ಹಳೆಯದಾಗಿದ್ದರೆ ನಾನಂತೂ ಬೇರೆ ತೋರಿಸಿ ಎನ್ನುತ್ತೇನೆ.

ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿಳಿಯುವವರು ಒದ್ದೆ ರಸ್ತೆಯ ಹಿಡಿತದ ಬಗ್ಗೆಯೂ ವಿಚಾರಿಸಬೇಕು. ಈ ಹಿಡಿತ, ಉರುಳುವಾಗಿನ ಪ್ರತಿರೋಧ, ಸದ್ದು ಮೂರಕ್ಕೂ ಎಐಎಸ್-142 ಮಾನದಂಡ ಅನ್ವಯಿಸುವಂತೆ ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ನಿಯಮ ತಂದಿದೆ.

ನಿಜವಾದ ಅಪಾಯ ಇರುವುದು ಸೆಕೆಂಡ್ ಹ್ಯಾಂಡ್ ಟೈರಿನಲ್ಲಿ. ಕೇಂದ್ರ ಮೋಟಾರು ವಾಹನ ನಿಯಮ 94ರ ಪ್ರಕಾರ ಕಾರ್ ಟೈರಿನ ಗೆರೆಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಗೆರೆಯ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ಉಬ್ಬುಗಳಿವೆ. ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂತೆಂದರೆ ಅದರ ಆಯಸ್ಸು ಮುಗಿದಂತೆ. ಅಂಥ ಟೈರಿಗೇ ಬ್ಲೇಡಿನಿಂದ ಮತ್ತೆ ಗೆರೆ ಕೊರೆದು, ಕಪ್ಪು ಬಳಿದು ಮಾರುವವರಿದ್ದಾರೆ. ಹೊಳಪಿಗೆ ಮರುಳಾಗದೆ ಗೆರೆಯೊಳಗೆ ಬೆರಳಾಡಿಸಿ. ಉಬ್ಬು ಕೈಗೆ ಸಿಗದಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ತಳದಲ್ಲಿ ದಾರದ ಎಳೆ ಅಥವಾ ತಂತಿ ಇಣುಕಿದರೆ ಬಿಟ್ಟು ಬನ್ನಿ. ಕೊರೆದಷ್ಟೂ ಒಳಗಿನ ಪದರದ ಮೇಲಿನ ರಬ್ಬರ್ ತೆಳುವಾಗಿರುತ್ತದೆ. ಬೇಸಿಗೆಯ ಹೆದ್ದಾರಿಯಲ್ಲಿ ಅದು ಸಿಡಿಯಬಹುದು.

ಎಲ್ಲ ಸರಿಯಿದ್ದರೆ ಜಿಎಸ್‌ಟಿ ಬಿಲ್ ಕೇಳಿ, ಅದರಲ್ಲಿ ಅಳತೆಯ ಜೊತೆ ಟೈರಿನ ಸೀರಿಯಲ್ ನಂಬರ್ ಸಹ ಬರೆಸಿ. ವಾರಂಟಿ ಕೇಳುವಾಗ ಈ ಬಿಲ್ಲೇ ಆಧಾರ. ಐಎಸ್‌ಐ ಗುರುತು ನಕಲಿ ಅನಿಸಿದರೆ ಬಿಐಎಸ್ ಕೇರ್ ಆ್ಯಪ್‌ನಲ್ಲೇ ದೂರು ಕೊಡಬಹುದು. ಅಂಗಡಿಯವರು ಬದಲಿಸಿ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು.